ಇಂಜಿನ್ನಿನ ತಾಳ ತಪ್ಪದಿರಲು: ಹಳೆಯ ಲೋಟಸ್ ಎಲಾನ್ ಕಾರಿನ ಟೈಮಿಂಗ್ ಸರಪಳಿಯ ವಿಚಾರ

(ಬಳಗದ ಅತಿಥಿ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಕಾವ್ಯ, ಸಂಗೀತ, ವಚನ ಸಾಹಿತ್ಯಗಳ ಬಗ್ಗೆ ವಿದ್ವಾಂಸರು ಮಾತನಾಡುವ ಈ ವೇದಿಕೆಯಲ್ಲಿ ಎಣ್ಣೆ ಮೆತ್ತಿದ ಒಂದು ಸರಪಳಿಯ ಕುರಿತು ಮಾತನಾಡಲು ಅವಕಾಶ ಕೊಟ್ಟ ಸಮಿತಿಗೆ ಮೊದಲು ನನ್ನ ಕೃತಜ್ಞತೆಗಳು. ಲಂಡನ್ನಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಹಳೆಯ ಕಾರುಗಳ ಮೇಲಿನ ಪ್ರೀತಿ ಬೆಳೆಯುತ್ತಿದೆ. ನಿವೃತ್ತರಾದ ಹಿರಿಯರು ಯೌವನದಲ್ಲಿ ಕೊಳ್ಳಲಾಗದಿದ್ದ ಕಾರನ್ನು ಈಗ ಕೊಳ್ಳುತ್ತಾರೆ. ಇಲ್ಲಿಯೇ ಹುಟ್ಟಿದ ಮಕ್ಕಳು ಅದರ ಬಾನೆಟ್ ತೆರೆದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಹೇಳುವುದು ಈ ಉಪನ್ಯಾಸದ ಉದ್ದೇಶ. ಇಂಜಿನ್ನಿನ ಮುಂಭಾಗದಿಂದ ಬರುವ ಸಣ್ಣ ಗಲಗಲ ಸದ್ದನ್ನು ನಾವು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು? ಅದನ್ನು ಸರಿಪಡಿಸುವ ಕ್ರಮವೇನು?

ಉದಾಹರಣೆಗಾಗಿ ಲೋಟಸ್ ಎಲಾನ್ ಕಾರನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಅದು ನಮ್ಮ ನೆರೆಹೊರೆಯ ಕೂಸು ಎಂಬುದು.

ಉತ್ತರ ಲಂಡನ್ನಿನ ಒಂದು ಕಥೆ

ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್ 1928ರಲ್ಲಿ ರಿಚ್‌ಮಂಡ್‌ನಲ್ಲಿ ಹುಟ್ಟಿದವರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ವಿದ್ಯಾರ್ಥಿಯಾಗಿದ್ದಾಗಲೇ, 1948ರ ಹೊತ್ತಿಗೆ, ಮಸ್‌ವೆಲ್ ಹಿಲ್‌ನಲ್ಲಿ ತಮ್ಮ ಭಾವಿ ಪತ್ನಿಯ ತಂದೆತಾಯಿಯ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತಮ್ಮ ಮೊದಲ ಕಾರನ್ನು ಕಟ್ಟಿದರು. 1952ರಲ್ಲಿ ಹಾರ್ನ್‌ಸಿಯ ಟಾಟನ್‌ಹ್ಯಾಮ್ ಲೇನ್‌ನಲ್ಲಿ, ಅವರ ತಂದೆ ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಿನ ಕುದುರೆಲಾಯದಲ್ಲಿ ಲೋಟಸ್ ಕಂಪನಿ ಆರಂಭವಾಯಿತು. 1959ರಲ್ಲಿ ಅದು ಇಂದಿನ ಗ್ರೇಟರ್ ಲಂಡನ್ನಿನ ಗಡಿಯಾಚೆ, ಎನ್‌ಫೀಲ್ಡ್‌ಗೆ ಹತ್ತಿರದ ಚೆಸ್‌ಹಂಟ್‌ಗೆ ಹೋಯಿತು; 1966ರಲ್ಲಿ ನಾರ್ಫೋಕ್‌ನ ಹೆಥೆಲ್‌ಗೆ.

1962ರ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಎಲಾನ್ ಮೊದಲು ಕಾಣಿಸಿಕೊಂಡಿತು. ಉಕ್ಕಿನ ಬೆನ್ನೆಲುಬಿನಂಥ ಚಾಸಿ, ಅದರ ಮೇಲೆ ಫೈಬರ್‌ಗ್ಲಾಸ್ ಮೈ, ಮುಂದೆ ನಾಲ್ಕು ಸಿಲಿಂಡರುಗಳ ಪುಟ್ಟ ಇಂಜಿನ್. ಈ ಇಂಜಿನ್ನಿನ ಹುಟ್ಟೂ ಕುತೂಹಲಕರ. ಕೆಳಭಾಗದ ಬ್ಲಾಕ್ ಫೋರ್ಡ್ ಕಂಪನಿಯ ಸಾಧಾರಣ ಕುಟುಂಬದ ಕಾರಿನದು. ಅದರ ಮೇಲೆ ಅಲ್ಯೂಮಿನಿಯಮ್ಮಿನ ಹೊಸ ಸಿಲಿಂಡರ್ ಹೆಡ್ ಕೂರಿಸಿ, ಎರಡು ಕ್ಯಾಮ್‌ಶಾಫ್ಟುಗಳನ್ನು ಮೇಲೆಯೇ ಇಟ್ಟರು. ಆ ಹೆಡ್ಡಿನ ವಿನ್ಯಾಸ ಮಾಡಿದವರು ಹ್ಯಾರಿ ಮಂಡಿ. ಅವರು ಆಗ 'ದಿ ಆಟೋಕಾರ್' ಪತ್ರಿಕೆಯ ತಾಂತ್ರಿಕ ಸಂಪಾದಕರು. ಮೊದಲ ಕೆಲವು ಕಾರುಗಳ ನಂತರ ಇಂಜಿನ್ನಿನ ಗಾತ್ರ 1558 ಸಿ.ಸಿ. ಎಂದು ನಿಂತಿತು. ಈ ಇಂಜಿನ್ನುಗಳನ್ನು ಆರಂಭದಲ್ಲಿ ಜೋಡಿಸುತ್ತಿದ್ದುದು ಟಾಟನ್‌ಹ್ಯಾಮ್‌ನ ಜೆ.ಎ.ಪಿ. ಕಾರ್ಖಾನೆಯಲ್ಲಿ, ಅಂದರೆ ಮೋಟಾರ್ ಸೈಕಲ್ ಇಂಜಿನ್ನುಗಳಿಗೆ ಜಗತ್ತಿನಾದ್ಯಂತ ಹೆಸರಾಗಿದ್ದ ಜೆ. ಎ. ಪ್ರೆಸ್ಟ್‌ವಿಚ್ ಅವರ ಸಂಸ್ಥೆಯಲ್ಲಿ. ಇಂದು ಫುಟ್‌ಬಾಲ್ ನೋಡಲು ಮಕ್ಕಳನ್ನು ಟಾಟನ್‌ಹ್ಯಾಮ್‌ಗೆ ಕರೆದೊಯ್ಯುವ ನಮ್ಮವರು ಆ ಕಾರ್ಖಾನೆಯಿದ್ದ ನಾರ್ತಂಬರ್ಲೆಂಡ್ ಪಾರ್ಕಿನ ಬೀದಿಗಳಲ್ಲೇ ನಡೆಯುತ್ತಾರೆ.

1973ರವರೆಗೆ ತಯಾರಾದ ಈ ಕಾರುಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಐವತ್ತು ದಾಟಿದೆ. ಆ ವಯಸ್ಸಿನಲ್ಲಿ ಮನುಷ್ಯನ ಕೀಲುಗಳಿಗೆ ಆಗುವುದೇ ಇಂಜಿನ್ನಿನ ಸರಪಳಿಯ ಕೀಲುಗಳಿಗೂ ಆಗುತ್ತದೆ.

ಕ್ಯಾಮ್‌ಶಾಫ್ಟ್ ಎಂಬ ತಾಳಧಾರಿ

ನಾಲ್ಕು ಹೊಡೆತದ ಪೆಟ್ರೋಲ್ ಇಂಜಿನ್ನಿನಲ್ಲಿ ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುತ್ತದೆ. ಮೇಲೇರುವಾಗ ಅದು ಒತ್ತಲ್ಪಡುತ್ತದೆ. ಕಿಡಿ ಹತ್ತಿ ಉರಿದಾಗ ಪಿಸ್ಟನ್ ಬಲವಾಗಿ ಕೆಳಗೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರುವಾಗ ಹೊಗೆ ಹೊರಹೋಗುತ್ತದೆ. ಈ ನಾಲ್ಕು ಕ್ರಿಯೆಗಳು ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಿರುತ್ತದೆ. ಒಳಬರುವ ಮತ್ತು ಹೊರಹೋಗುವ ದಾರಿಗಳನ್ನು ತೆರೆದು ಮುಚ್ಚುವ ಬಾಗಿಲುಗಳೇ ವಾಲ್ವುಗಳು. ಅವುಗಳನ್ನು ಒತ್ತುವುದು ಕ್ಯಾಮ್, ಅಂದರೆ ದುಂಡನೆಯ ದಂಡದ ಮೇಲಿನ ಮೊಟ್ಟೆಯಾಕಾರದ ಉಬ್ಬು. ಕ್ರ್ಯಾಂಕ್ ಎರಡು ಸುತ್ತು ಸುತ್ತುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ಸುತ್ತಬೇಕು.

ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎಂದುಕೊಳ್ಳೋಣ. ಆಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಎಲಾನಿನಲ್ಲಿ ಇಂಥ ಎಂಟು ವಾಲ್ವುಗಳಿವೆ. ಮೃದಂಗದವರು ಎಷ್ಟೇ ಸಮರ್ಥರಾದರೂ ತಾಳ ಹಾಕುವವರು ತಪ್ಪಿದರೆ ಕಛೇರಿ ಕೆಡುವ ಹಾಗೆ, ಇಲ್ಲಿಯೂ ಲಯವೇ ಮುಖ್ಯ. ವಾಲ್ವು ತಡವಾಗಿ ತೆರೆದರೆ ಶಕ್ತಿ ಕುಂದುತ್ತದೆ. ಬಹಳ ತಪ್ಪಿದರೆ, ಮೇಲೇರುತ್ತಿರುವ ಪಿಸ್ಟನ್ನಿಗೆ ಇನ್ನೂ ಮುಚ್ಚದ ವಾಲ್ವು ಬಡಿದು ಬಾಗಬಹುದು.

ನಮ್ಮ ನಾಡಿನ ವಾಹನಗಳಲ್ಲಿ ಈ ಲಯವನ್ನು ಕಾಯುವ ಬಗೆಗಳು ಹಲವು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ಎರಡು ಹೊಡೆತದವು. ಅವುಗಳಲ್ಲಿ ಕ್ಯಾಮ್‌ಶಾಫ್ಟೇ ಇರಲಿಲ್ಲ. ಬುಲೆಟ್‌ನಲ್ಲಿ ಹಲ್ಲುಚಕ್ರಗಳು ಒಂದನ್ನೊಂದು ತಿರುಗಿಸುತ್ತಿದ್ದವು. ಅಂಬಾಸಿಡರ್ ಕಾರಿನಲ್ಲಿ ಕ್ಯಾಮ್‌ಶಾಫ್ಟ್ ಕೆಳಗೆ, ಬ್ಲಾಕಿನೊಳಗೆ ಇದ್ದುದರಿಂದ ಗಿಡ್ಡ ಸರಪಳಿ ಸಾಕಾಗಿತ್ತು. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲಿನ ವಾಲ್ವುಗಳನ್ನು ಒತ್ತುತ್ತಿದ್ದವು. ಮಾರುತಿ 800ರಲ್ಲಿ ಕ್ಯಾಮ್‌ಶಾಫ್ಟ್ ಮೇಲಿತ್ತು, ಅದನ್ನು ತಿರುಗಿಸುತ್ತಿದ್ದುದು ಹಲ್ಲುಗಳಿದ್ದ ರಬ್ಬರ್ ಬೆಲ್ಟು. ಇಲ್ಲಿ, ಕ್ರಿಕಲ್‌ವುಡ್‌ನಲ್ಲಿ 1931ರವರೆಗೆ ತಯಾರಾಗುತ್ತಿದ್ದ ಬೆಂಟ್ಲಿ ಕಾರುಗಳ ಪೈಕಿ 3 ಲೀಟರ್ ಮಾದರಿಯಲ್ಲಿ ನೆಟ್ಟಗೆ ನಿಂತ ಒಂದು ದಂಡ ಕೆಳಗಿನ ತಿರುಗುವಿಕೆಯನ್ನು ಮೇಲಕ್ಕೆ ಒಯ್ಯುತ್ತಿತ್ತು.

ಎಲಾನಿನಲ್ಲಿ ಆ ಕೆಲಸ ಒಂದೇ ಒಂದು ಉದ್ದನೆಯ ಸರಪಳಿಯದು. ಅದು ಕೆಳಗಿನ ಕ್ರ್ಯಾಂಕ್ ಸ್ಪ್ರಾಕೆಟ್ಟನ್ನೂ ಮೇಲಿನ ಎರಡು ಕ್ಯಾಮ್ ಸ್ಪ್ರಾಕೆಟ್ಟುಗಳನ್ನೂ ಸುತ್ತುತ್ತದೆ. ಜೊತೆಗೆ ಫೋರ್ಡಿನ ಮೂಲ ಕ್ಯಾಮ್‌ಶಾಫ್ಟಿನ ಸ್ಥಾನದಲ್ಲಿರುವ ಜ್ಯಾಕ್‌ಶಾಫ್ಟ್ ಎಂಬ ದಂಡವನ್ನೂ ತಿರುಗಿಸುತ್ತದೆ. ಆಯಿಲ್ ಪಂಪು, ಪೆಟ್ರೋಲ್ ಪಂಪು, ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರು, ಈ ಮೂರೂ ಆ ದಂಡದಿಂದ ನಡೆಯುತ್ತವೆ. ಒಂದು ಸರಪಳಿಯ ಮೇಲೆ ಇಷ್ಟೊಂದು ಸಂಸಾರದ ಭಾರ!

ಸರಪಳಿ ಹಿಗ್ಗುವುದಿಲ್ಲ, ಸವೆಯುತ್ತದೆ

'ಚೈನ್ ಹಿಗ್ಗಿದೆ' ಎಂದು ಮೆಕ್ಯಾನಿಕ್ಕುಗಳು ಹೇಳುವುದುಂಟು. ಸೈಕಲ್ಲಿನ ವಿಷಯದಲ್ಲಿ ನಾವೂ ಬಾಲ್ಯದಿಂದ ಹಾಗೆಯೇ ಹೇಳಿದ್ದೇವೆ. ಉಕ್ಕಿನ ಪಟ್ಟಿಗಳು ರಬ್ಬರಿನಂತೆ ಹಿಗ್ಗುವುದಿಲ್ಲ. ಈ ಬಗೆಯ ಸರಪಳಿಯನ್ನು 1880ರಲ್ಲಿ ಮ್ಯಾಂಚೆಸ್ಟರ್ ಸೀಮೆಯಲ್ಲಿ ಹ್ಯಾನ್ಸ್ ರೆನಾಲ್ಡ್ ರೂಪಿಸಿದರು. ಅದರ ಪ್ರತಿಯೊಂದು ಕೊಂಡಿಯಲ್ಲೂ ಒಂದು ಪಿನ್ನು, ಪಿನ್ನಿನ ಸುತ್ತ ಒಂದು ಬುಷ್, ಅದರ ಮೇಲೆ ಉರುಳುವ ರೋಲರ್ ಇರುತ್ತವೆ. ಸರಪಳಿ ಸ್ಪ್ರಾಕೆಟ್ಟಿನ ಮೇಲೆ ಬಾಗುವಾಗಲೆಲ್ಲ ಪಿನ್ನು ಬುಷ್ಷಿನೊಳಗೆ ಸ್ವಲ್ಪ ಉಜ್ಜುತ್ತದೆ. ಎಣ್ಣೆ ಶುದ್ಧವಾಗಿದ್ದರೆ ಸವೆತ ಅತ್ಯಲ್ಪ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದರಲ್ಲಿನ ಕಪ್ಪು ಕಣಗಳು ಅರೆಯುವ ಪುಡಿಯಂತೆ ಕೆಲಸ ಮಾಡುತ್ತವೆ.

ಒಂದು ಲೆಕ್ಕ ನೋಡೋಣ. ಒಂದು ಸರಪಳಿಯಲ್ಲಿ 100 ಕೊಂಡಿಗಳಿವೆ, ಕೀಲಿನಿಂದ ಕೀಲಿಗೆ 9.5 ಮಿಲಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಪ್ರತಿ ಕೀಲಿನಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಮಾತ್ರ ಸವೆದಿದೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಹನಿ ಹನಿ ಕೂಡಿದರೆ ಹಳ್ಳ. ಒಟ್ಟು ಸರಪಳಿ 5 ಮಿಲಿಮೀಟರ್ ಉದ್ದವಾಗಿರುತ್ತದೆ. ಎಳೆಯುವ ಬದಿಗೆ ಅದರಲ್ಲಿ ಅರ್ಧ ಸೇರಿದರೂ, 36 ಹಲ್ಲಿನ ಕ್ಯಾಮ್ ಸ್ಪ್ರಾಕೆಟ್ಟು ತನ್ನ ಸ್ಥಾನದಿಂದ ಸುಮಾರು ಎರಡೂವರೆ ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು ಐದು ಡಿಗ್ರಿಗೂ ಹೆಚ್ಚು. ಎರಡು ಕ್ಯಾಮ್‌ಶಾಫ್ಟುಗಳಲ್ಲಿ ಸರಪಳಿಯ ದಾರಿಯಲ್ಲಿ ದೂರದಲ್ಲಿರುವುದು ಇನ್ನಷ್ಟು ಹಿಂದೆ ಬೀಳುತ್ತದೆ. ಹೀಗಾಗಿ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪುವುದಿಲ್ಲ. ಪರಸ್ಪರ ಹೊಂದಾಣಿಕೆಯೂ ಕೆಡುತ್ತದೆ.

ಈ ಉದ್ದವನ್ನು ಹೀರಿಕೊಳ್ಳಲು ಸರಪಳಿಯ ಸಡಿಲ ಬದಿಯಲ್ಲಿ ಟೆನ್ಷನರ್ ಎಂಬ ಬಿಗಿಗಾರ ಇರುತ್ತದೆ. ಎಲಾನಿನಲ್ಲಿ ಅದನ್ನು ಹೊರಗಿನಿಂದ ಒಂದು ಸ್ಕ್ರೂ ತಿರುಗಿಸಿ ಬಿಗಿ ಮಾಡಬಹುದು. ಇದು ಬಹಳ ಅನುಕೂಲ. ಆದರೆ ಮೋಸ ಹೋಗುವುದೂ ಇಲ್ಲಿಯೇ. ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ಹಿಂದೆ ಬಿದ್ದ ಕ್ಯಾಮ್‌ಶಾಫ್ಟು ಮುಂದೆ ಬರುವುದೂ ಇಲ್ಲ. ಏಕೆಂದರೆ ಟೆನ್ಷನರ್ ಹೀರುವುದು ಸಡಿಲ ಬದಿಯ ಉದ್ದವನ್ನು, ಲಯ ಕೆಟ್ಟಿರುವುದು ಎಳೆಯುವ ಬದಿಯಲ್ಲಿ. ಜ್ವರ ಇಳಿಸುವ ಮಾತ್ರೆ ನುಂಗಿ ರೋಗ ವಾಸಿಯಾಯಿತೆಂದು ಭಾವಿಸಿದಂತೆ, ವರ್ಷದಿಂದ ವರ್ಷಕ್ಕೆ ಸ್ಕ್ರೂ ತಿರುಗಿಸುತ್ತ ಹೋದರೆ ಒಂದು ದಿನ ಅದು ಕೊನೆ ಮುಟ್ಟುತ್ತದೆ. ಆಮೇಲೆ ಸಡಿಲಗೊಂಡ ಸರಪಳಿ ಒಂದು ಹಲ್ಲು ಹಾರಿದರೂ ಸಾಕು. 36 ಹಲ್ಲಿನ ಚಕ್ರದಲ್ಲಿ ಒಂದು ಹಲ್ಲೆಂದರೆ ಕ್ಯಾಮಿನ 10 ಡಿಗ್ರಿ, ಕ್ರ್ಯಾಂಕಿನ 20 ಡಿಗ್ರಿ. ಒಂದೆರಡು ದಿನಗಳ ಕೆಲಸವನ್ನು ಮುಂದೂಡಿದ್ದಕ್ಕೆ ಇಡೀ ಇಂಜಿನ್ನನ್ನೇ ತೆರಬೇಕಾಗಿ ಬರಬಹುದು.

ಲಕ್ಷಣಗಳು

ರೋಗಿಯನ್ನು ಪರೀಕ್ಷಿಸುವ ವೈದ್ಯರು ನಮ್ಮ ಸಭೆಯಲ್ಲಿ ಬಹಳ ಮಂದಿ ಇದ್ದಾರೆ; ಅವರಿಗೆ ಈ ಕ್ರಮ ಪರಿಚಿತ. ಮೊದಲು ಕಿವಿಗೊಟ್ಟು ಕೇಳುವುದು. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಮುಂಭಾಗದಿಂದ ಗಲಗಲ ಸದ್ದು ಬಂದು, ವೇಗ ಹೆಚ್ಚಿಸಿದಾಗ ಬದಲಾದರೆ ಸರಪಳಿಯ ಮೇಲೆ ಅನುಮಾನ ಪಡಬೇಕು. ವಾಟರ್ ಪಂಪಿನ ಬೇರಿಂಗೂ ಅದೇ ಜಾಗದಲ್ಲಿದೆ ಎಂಬುದನ್ನು ನೆನಪಿಡಬೇಕು. ಎರಡನೆಯದು ಟೆನ್ಷನರಿನ ಸ್ಕ್ರೂ ಎಷ್ಟು ಒಳಹೋಗಿದೆ ಎಂದು ನೋಡುವುದು. ಮೂರನೆಯದು ಟೈಮಿಂಗ್ ಲೈಟ್ ಹಿಡಿದು ಕಿಡಿಯ ಸಮಯ ನೋಡುವುದು. ಡಿಸ್ಟ್ರಿಬ್ಯೂಟರೂ ಇದೇ ಸರಪಳಿಯಿಂದ ತಿರುಗುವುದರಿಂದ, ಸರಪಳಿ ಸಡಿಲವಾಗಿದ್ದರೆ ಪುಲ್ಲಿಯ ಮೇಲಿನ ಗುರುತು ಒಂದೆಡೆ ನಿಲ್ಲದೆ ಅತ್ತಿತ್ತ ತೂಗಾಡುತ್ತದೆ. ಡಿಸ್ಟ್ರಿಬ್ಯೂಟರಿನ ಸವೆತದಿಂದಲೂ ಹೀಗಾಗಬಹುದು; ಆದ್ದರಿಂದ ಒಂದೇ ಲಕ್ಷಣವನ್ನು ನಂಬಿ ತೀರ್ಪು ಕೊಡಬಾರದು.

ಕೊನೆಯ ಪರೀಕ್ಷೆಯೇ ಖಚಿತವಾದದ್ದು. ಮೇಲಿನ ಕ್ಯಾಮ್ ಕವರ್ ತೆಗೆದು, ಕ್ರ್ಯಾಂಕನ್ನು ಒಂದನೇ ಸಿಲಿಂಡರಿನ ಪಿಸ್ಟನ್ ಮೇಲಿನ ತುದಿ ಮುಟ್ಟುವ ಸ್ಥಾನಕ್ಕೆ ತಂದಾಗ, ಎರಡೂ ಕ್ಯಾಮ್ ಸ್ಪ್ರಾಕೆಟ್ಟುಗಳ ಗುರುತುಗಳು ಒಂದಕ್ಕೊಂದು ಎದುರಾಗಿ ಹೆಡ್ಡಿನ ಮೇಲ್ಮೈಯ ಮಟ್ಟದಲ್ಲಿ ನಿಲ್ಲಬೇಕು. ಸರಪಳಿ ಸವೆದಿದ್ದರೆ ಅವು ಆ ಮಟ್ಟವನ್ನು ಇನ್ನೂ ಮುಟ್ಟಿರುವುದಿಲ್ಲ. ಕವರ್ ತೆಗೆದಾಗ ಸ್ಪ್ರಾಕೆಟ್ಟಿನ ಹಲ್ಲುಗಳನ್ನೂ ಗಮನಿಸಿ. ಹೊಸ ಹಲ್ಲು ಎರಡೂ ಕಡೆ ಸಮನಾಗಿರುತ್ತದೆ. ಸವೆದ ಹಲ್ಲು ಕುಡುಗೋಲಿನಂತೆ ಒಂದು ಕಡೆಗೆ ಬಾಗಿರುತ್ತದೆ. ಕ್ಯಾಮಿನ ಉಬ್ಬುಗಳ ನೆತ್ತಿಯಲ್ಲಿ ಕುಳಿಗಳೋ ಗೀರುಗಳೋ ಇದ್ದರೆ ಕ್ಯಾಮ್‌ಶಾಫ್ಟುಗಳನ್ನೂ ಬದಲಿಸಬೇಕಾಗುತ್ತದೆ.

ಏನನ್ನು ಬದಲಿಸಬೇಕು

ಸವೆದ ಹಲ್ಲುಗಳ ಮೇಲೆ ಹೊಸ ಸರಪಳಿ ಹಾಕಿದರೆ ಅದು ಬೇಗನೆ ಹಳೆಯದಾಗುತ್ತದೆ. ಆದ್ದರಿಂದ ಸರಪಳಿ, ಸ್ಪ್ರಾಕೆಟ್ಟುಗಳು, ಟೆನ್ಷನರಿನ ಚಕ್ರ ಮತ್ತು ಅದರ ಕೀಲು, ಸರಪಳಿಯ ಅದುರುವಿಕೆಯನ್ನು ತಡೆಯುವ ಡ್ಯಾಂಪರ್ ಪಟ್ಟಿ, ಇವೆಲ್ಲವನ್ನೂ ಒಂದೇ ಕುಟುಂಬವೆಂದು ಭಾವಿಸಬೇಕು. ಕ್ರ್ಯಾಂಕಿನ ಮುಂಭಾಗದ ಆಯಿಲ್ ಸೀಲು ಮತ್ತು ಎಲ್ಲ ಗ್ಯಾಸ್ಕೆಟ್ಟುಗಳೂ ಈ ಪಟ್ಟಿಗೆ ಸೇರುತ್ತವೆ.

ಎಲಾನಿನಲ್ಲಿ ಒಂದು ವಿಶೇಷ ಕಷ್ಟವಿದೆ. ಸರಪಳಿಯನ್ನು ಮುಚ್ಚುವ ಮುಂಭಾಗದ ಕವಚದೊಳಗೇ ವಾಟರ್ ಪಂಪು ಕುಳಿತಿದೆ. ಆ ಕವಚದ ಮೇಲಂಚು ಸಿಲಿಂಡರ್ ಹೆಡ್ಡಿನ ಅಡಿಗೆ, ಕೆಳಅಂಚು ಎಣ್ಣೆಯ ತೊಟ್ಟಿಯಾದ ಸಂಪಿನ ಮೇಲಕ್ಕೆ ಅಂಟಿಕೊಂಡಿದೆ. ಕವಚ ಬಿಚ್ಚಬೇಕಾದರೆ ಹೆಡ್ಡನ್ನೂ ಸಂಪನ್ನೂ ತೆಗೆಯಬೇಕು. ಅನೇಕರು ಇಂಜಿನ್ನನ್ನೇ ಹೊರಗೆತ್ತುತ್ತಾರೆ. ಇದು ಮೊದಲ ದಾರಿ. ದೀರ್ಘ, ಆದರೆ ಪೂರ್ಣ. ಇಷ್ಟು ಬಿಚ್ಚಿದ ಮೇಲೆ ವಾಟರ್ ಪಂಪನ್ನು ಹಳೆಯದೇ ಇರಲೆಂದು ಬಿಡುವುದು ಉಳಿತಾಯವಲ್ಲ.

ಎರಡನೆಯ ದಾರಿ ಮೇಲಿನಿಂದಲೇ ಸರಪಳಿ ಬದಲಿಸುವುದು. ಹಳೆಯ ಸರಪಳಿಯ ಒಂದು ಕೊಂಡಿ ಕತ್ತರಿಸಿ, ಅದರ ತುದಿಗೆ ಹೊಸದನ್ನು ತಾತ್ಕಾಲಿಕವಾಗಿ ಜೋಡಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಹೊಸದನ್ನು ಒಳಗೆ ಹರಿಸುವುದು. ಇದಕ್ಕೆ ಮೂರು ಜನ ಬೇಕು: ಒಬ್ಬರು ಸ್ಪಾನರ್ ಹಿಡಿದು ತಿರುಗಿಸಲು, ಒಬ್ಬರು ಹೊಸ ಸರಪಳಿಯನ್ನು ಬಿಗಿಯಾಗಿ ಹಿಡಿದು ಒಳಬಿಡಲು, ಇನ್ನೊಬ್ಬರು ಹಳೆಯದನ್ನು ಎಳೆದುಕೊಳ್ಳಲು. ಎರಡೂ ಕ್ಯಾಮ್ ಸ್ಪ್ರಾಕೆಟ್ಟುಗಳ ಮೇಲೆ ಸರಪಳಿ ಯಾವಾಗಲೂ ಕೂತೇ ಇರಬೇಕು. ತುದಿಗಳಿಗೆ ತಂತಿ ಕಟ್ಟಿಕೊಳ್ಳದೆ ಕೆಲಸ ಆರಂಭಿಸಬಾರದು. ಕೊನೆಯಲ್ಲಿ ಹೊಸ ಸರಪಳಿಯ ಎರಡು ತುದಿಗಳನ್ನು ರಿವೆಟ್ ಕೊಂಡಿಯಿಂದ, ಅದಕ್ಕೆಂದೇ ಇರುವ ಉಪಕರಣದಲ್ಲಿ ಬಿಗಿದು ಕೂಡಿಸಬೇಕು. ಈ ದಾರಿಯಲ್ಲಿ ಕೆಳಗಿನ ಕ್ರ್ಯಾಂಕ್ ಮತ್ತು ಜ್ಯಾಕ್‌ಶಾಫ್ಟ್ ಸ್ಪ್ರಾಕೆಟ್ಟುಗಳು ಹಳೆಯವೇ ಉಳಿಯುತ್ತವೆ. ಹಲ್ಲುಗಳು ಚೆನ್ನಾಗಿದ್ದರೆ ಮಾತ್ರ ಇದು ಯೋಗ್ಯ. ಮೇಲಿನ ಸ್ಪ್ರಾಕೆಟ್ಟುಗಳ ಹಲ್ಲುಗಳೇ ಬಾಗಿದ್ದರೆ ಮೊದಲ ದಾರಿಯನ್ನೇ ಹಿಡಿಯುವುದು ವಿವೇಕ.

ಕೆಲಸದ ಕ್ರಮ

ಪೂರ್ಣ ವಿಧಾನದ ಮುಖ್ಯ ಹೆಜ್ಜೆಗಳನ್ನು ಹೇಳುತ್ತೇನೆ. ಬೋಲ್ಟುಗಳನ್ನು ಬಿಗಿಯಬೇಕಾದ ಪ್ರಮಾಣ, ವಾಲ್ವಿನ ಸಂದು ಮೊದಲಾದ ಅಂಕಿಗಳು ಎಲಾನಿನ ಬೇರೆ ಬೇರೆ ಸರಣಿಗಳಿಗೆ ಬೇರೆ ಬೇರೆ. ಅವನ್ನು ಆಯಾ ಕಾರಿನ ವರ್ಕ್‌ಶಾಪ್ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ನೀರು ಮತ್ತು ಎಣ್ಣೆ ಇಳಿಸಿ. ಕಾರನ್ನು ಎತ್ತಿದರೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ, ಚಾಸಿಯ ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ಜ್ಯಾಕ್ ಒಂದನ್ನೇ ನಂಬಿ ಯಾರೂ ಅದರ ಕೆಳಗೆ ಹೋಗಬಾರದು; ಫೈಬರ್‌ಗ್ಲಾಸ್ ಮೈಗೆ ಭಾರ ಕೊಡಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದರೆ ಕ್ರ್ಯಾಂಕ್ ಕೈಯಿಂದ ಸುಲಭವಾಗಿ ತಿರುಗುತ್ತದೆ. ಅದನ್ನು ಯಾವಾಗಲೂ ಇಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಸರಪಳಿಯ ಸಡಿಲ ಇನ್ನೊಂದು ಬದಿಗೆ ಸರಿದು ಗುರುತುಗಳು ಸುಳ್ಳು ಹೇಳುತ್ತವೆ. ಬಿಚ್ಚುವ ಮೊದಲು ಗುರುತುಗಳ ಸ್ಥಾನವನ್ನು ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ.

ಟೆನ್ಷನರನ್ನು ಪೂರ್ತಿ ಸಡಿಲಿಸಿ ಕ್ಯಾಮ್ ಸ್ಪ್ರಾಕೆಟ್ಟುಗಳನ್ನು ಬಿಚ್ಚಬೇಕು. ಅಷ್ಟರಲ್ಲಿ ಸರಪಳಿಯ ಗುಹೆಗೆ ಶುಭ್ರವಾದ ಬಟ್ಟೆ ತುರುಕಿರಲಿ. ಒಂದು ವಾಷರ್ ಒಳಗೆ ಬಿದ್ದರೂ ಅದನ್ನು ಹುಡುಕುವುದು ದೊಡ್ಡ ಕೆಲಸ. ಸರಪಳಿ ಕಳಚಿದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಮನಬಂದಂತೆ ತಿರುಗಿಸಬಾರದು. ಕ್ಯಾಮ್ ತಿರುಗಿಸಲೇಬೇಕಾದರೆ ಪಿಸ್ಟನ್ನುಗಳೆಲ್ಲ ಮಧ್ಯದಲ್ಲಿ ನಿಲ್ಲುವಂತೆ ಕ್ರ್ಯಾಂಕನ್ನು ಮೊದಲೇ ಕಾಲು ಸುತ್ತು ಸರಿಸಿರಬೇಕು.

ಕ್ಯಾಮ್‌ಶಾಫ್ಟನ್ನೇ ತೆಗೆಯುವುದಾದರೆ ಅದನ್ನು ಹಿಡಿದಿರುವ ಟೋಪಿಗಳ ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚಬಾರದು; ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ಸಮನಾಗಿ ಸಡಿಲಿಸಬೇಕು. ಕೆಳಗಿನಿಂದ ವಾಲ್ವಿನ ಸ್ಪ್ರಿಂಗುಗಳು ಒತ್ತುತ್ತಿರುವುದರಿಂದ ಒಂದು ತುದಿ ಎದ್ದರೆ ದಂಡ ಮುರಿಯುವ ಅಪಾಯವಿದೆ. ಟೋಪಿಗಳೂ ಅವುಗಳ ಬೇರಿಂಗುಗಳೂ ಅದಲುಬದಲಾಗಬಾರದು. ಕ್ಯಾಮಿನ ಕೆಳಗಿರುವ ಎಂಟು ಬಕೆಟ್ ಟ್ಯಾಪೆಟ್ಟುಗಳು ಮತ್ತು ಅವುಗಳೊಳಗಿನ ಸಣ್ಣ ಬಿಲ್ಲೆಗಳಾದ ಶಿಮ್ಮುಗಳು ಹಿಂದಿದ್ದ ಜಾಗಕ್ಕೇ ಮರಳಬೇಕು. ಇವನ್ನು ಕ್ರಮವಾಗಿ ಇಟ್ಟುಕೊಳ್ಳಲು, ಮನೆಯವರ ಅನುಮತಿ ದೊರೆತರೆ, ಹಳೆಯ ಇಡ್ಲಿ ತಟ್ಟೆಗಳು ಹೇಳಿ ಮಾಡಿಸಿದಂತಿವೆ.

ಹಳೆಯ ಗ್ಯಾಸ್ಕೆಟ್ಟುಗಳ ಬಗ್ಗೆ ಒಂದು ಎಚ್ಚರಿಕೆ. ಬ್ರಿಟನ್ನಿನಲ್ಲಿ 1999ರಲ್ಲಿ ಬಿಳಿ ಆಸ್ಬೆಸ್ಟಾಸ್ ನಿಷೇಧವಾಗುವ ಮೊದಲಿನ ಗ್ಯಾಸ್ಕೆಟ್ಟುಗಳಲ್ಲಿ ಆ ವಸ್ತು ಇರಬಹುದು. ಅವುಗಳನ್ನು ಒಣಗಿರುವಾಗ ತಂತಿಯ ಬ್ರಷ್ಷಿನಿಂದ ಉಜ್ಜಿ ಧೂಳೆಬ್ಬಿಸಬಾರದು. ತೇವ ಮಾಡಿ ಮೆಲ್ಲನೆ ಬಿಡಿಸಬೇಕು. ಮಕ್ಕಳು ಸಹಾಯಕ್ಕೆ ನಿಂತಿರುವಾಗ ಈ ವಿಷಯದಲ್ಲಿ ಸ್ವಲ್ಪವೂ ಉದಾಸೀನ ಕೂಡದು.

ಮರುಜೋಡಣೆಯಲ್ಲಿ ಕ್ರ್ಯಾಂಕನ್ನು ಮೇಲಿನ ತುದಿಯ ಸ್ಥಾನದಲ್ಲಿರಿಸಿ, ಎಳೆಯುವ ಬದಿಯಲ್ಲಿ ಸಡಿಲವಿರದಂತೆ ಸರಪಳಿ ಹಾಕಿ, ಗುರುತುಗಳನ್ನು ಕೂಡಿಸಬೇಕು. ನಂತರ ಟೆನ್ಷನರ್. ಎರಡು ಕ್ಯಾಮ್ ಸ್ಪ್ರಾಕೆಟ್ಟುಗಳ ನಡುವೆ ಸರಪಳಿಯನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಒಟ್ಟು ಸುಮಾರು ಅರ್ಧ ಅಂಗುಲ ಆಡಬೇಕು. ಸರಪಳಿ ಒಂದು ಸ್ಥಾನದಲ್ಲಿ ಬಿಗಿಯಾಗಿಯೂ ಮತ್ತೊಂದರಲ್ಲಿ ಸಡಿಲವಾಗಿಯೂ ಇರುವುದು ಸಹಜ. ಹಲವು ಸ್ಥಾನಗಳಲ್ಲಿ ನೋಡಿ, ಅತಿ ಬಿಗಿಯಾದ ಕಡೆ ಈ ಅಳತೆ ಬರುವಂತೆ ಮಾಡಬೇಕು. ಅತಿಯಾಗಿ ಬಿಗಿದರೆ ಸರಪಳಿ ಸಿಳ್ಳಿನಂತೆ ಕೂಗುತ್ತದೆ, ಬೇರಿಂಗುಗಳೂ ಹಾಳಾಗುತ್ತವೆ. ಆಮೇಲೆ ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ತಿರುಗುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಯೇ ನಿಲ್ಲಿಸಬೇಕು. ವಾಲ್ವು ಪಿಸ್ಟನ್ನನ್ನು ಮುಟ್ಟಿರಬಹುದು.

ಗುರುತಿಗಿಂತ ಅಳತೆ ಮಿಗಿಲು

ಗುರುತುಗಳು ಕೂಡಿದವೆಂದು ಕೆಲಸ ಮುಗಿಯುವುದಿಲ್ಲ. ಅರ್ಧ ಶತಮಾನದಲ್ಲಿ ಈ ಇಂಜಿನ್ನುಗಳ ಹೆಡ್ಡುಗಳನ್ನು ಸಮತಟ್ಟು ಮಾಡಲು ಹಲವು ಸಲ ತುಸು ತುಸು ಕೆತ್ತಿರುತ್ತಾರೆ. ಹೆಡ್ಡು ತಗ್ಗಿದಷ್ಟೂ ಕ್ಯಾಮ್‌ಶಾಫ್ಟುಗಳು ಕ್ರ್ಯಾಂಕಿಗೆ ಹತ್ತಿರ ಬಂದು ಲಯ ಬದಲಾಗುತ್ತದೆ. ಕ್ಯಾಮ್‌ಶಾಫ್ಟನ್ನೇ ಯಾರಾದರೂ ಬೇರೆ ಮಾದರಿಗೆ ಬದಲಿಸಿರಬಹುದು. ಹೀಗಾಗಿ ನಿಜವಾದ ಪರೀಕ್ಷೆಗೆ ಡಿಗ್ರಿಗಳನ್ನು ಕೆತ್ತಿದ ಒಂದು ತಟ್ಟೆ ಮತ್ತು ಒಂದು ಡಯಲ್ ಗೇಜ್ ಬೇಕು.

ತಟ್ಟೆಯನ್ನು ಕ್ರ್ಯಾಂಕಿನ ಮುಂತುದಿಗೆ ಬಿಗಿದು, ಪಿಸ್ಟನ್ನಿನ ಮೇಲಿನ ತುದಿಯನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಗೇಜಿನ ಮುಳ್ಳನ್ನು ಒಂದನೇ ಸಿಲಿಂಡರಿನ ಇನ್‌ಲೆಟ್ ಬಕೆಟ್ಟಿನ ಮೇಲಿಟ್ಟು ಕ್ರ್ಯಾಂಕ್ ತಿರುಗಿಸಬೇಕು. ವಾಲ್ವು ಪೂರ್ತಿ ತೆರೆದ ಕ್ಷಣವನ್ನು ನೇರವಾಗಿ ಹಿಡಿಯುವುದು ಕಷ್ಟ, ಏಕೆಂದರೆ ಉಬ್ಬಿನ ನೆತ್ತಿಯಲ್ಲಿ ಮುಳ್ಳು ಸ್ವಲ್ಪ ಹೊತ್ತು ಅಲುಗುವುದೇ ಇಲ್ಲ. ಅದಕ್ಕಾಗಿ ನೆತ್ತಿಗೆ ಮೊದಲು ಒಂದು ಎತ್ತರದಲ್ಲಿ ಡಿಗ್ರಿಯನ್ನು ಬರೆದುಕೊಂಡು, ನೆತ್ತಿ ದಾಟಿ ಅದೇ ಎತ್ತರಕ್ಕೆ ಇಳಿದಾಗ ಮತ್ತೆ ಬರೆದುಕೊಂಡು, ಎರಡರ ನಡುವಣ ಬಿಂದುವನ್ನು ತೆಗೆದುಕೊಳ್ಳಬೇಕು. ಎಕ್ಸಾಸ್ಟ್ ಕ್ಯಾಮಿಗೂ ಹೀಗೆಯೇ. ಬಂದ ಅಂಕಿಗಳನ್ನು ಆ ಕ್ಯಾಮ್‌ಶಾಫ್ಟಿನ ತಯಾರಕರು ಕೊಟ್ಟ ಅಂಕಿಯೊಂದಿಗೆ ಹೋಲಿಸಬೇಕು. ವ್ಯತ್ಯಾಸ ಬಂದರೆ ಹೊಂದಿಸಬಹುದಾದ ಸ್ಪ್ರಾಕೆಟ್ಟುಗಳು ದೊರೆಯುತ್ತವೆ. ಪ್ರೌಢಶಾಲೆಯ ಗಣಿತ ಬಲ್ಲ ಮಗಳೋ ಮಗನೋ ಈ ಲೆಕ್ಕವನ್ನು ನಮಗಿಂತ ಬೇಗ ಮಾಡುತ್ತಾರೆ, ಅವರಿಗೇ ವಹಿಸಿ.

ಕೊನೆಗೆ ವಾಲ್ವಿನ ಸಂದುಗಳನ್ನು ಅಳೆದು, ಬೇಕಾದಲ್ಲಿ ಶಿಮ್ ಬದಲಿಸಿ. ಇಲ್ಲಿಯ ಲೆಕ್ಕ ಅಂಗುಲದ ಸಾವಿರದ ಭಾಗಗಳಲ್ಲಿ, ಅಂದರೆ ಒಂದೆರಡು ಹಾಳೆ ಕಾಗದದ ದಪ್ಪದಲ್ಲಿ. ಹೊಸ ಎಣ್ಣೆ ತುಂಬಿ, ಪ್ಲಗ್ಗುಗಳಿಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ, ಗೇಜಿನಲ್ಲಿ ಎಣ್ಣೆಯ ಒತ್ತಡ ಕಂಡ ಮೇಲೆ ಮಾತ್ರ ಇಂಜಿನ್ ಚಾಲೂ ಮಾಡಬೇಕು. ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಕೌನ್ಸಿಲ್ಲಿನ ಮರುಬಳಕೆ ಕೇಂದ್ರಕ್ಕೆ ಒಯ್ಯಬೇಕು. ಕೆಲವು ನೂರು ಮೈಲಿ ಓಡಿಸಿದ ಬಳಿಕ ಸರಪಳಿಯ ಬಿಗಿತವನ್ನು ಮತ್ತೊಮ್ಮೆ ನೋಡಬೇಕು. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಮೊದಲ ಸಡಿಲ ಬೇಗ ಬರುತ್ತದೆ.

ನೋಡುವವರು ನಾವೇ

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಬಹುದು. ಕಾನೂನು ಹಳೆಯ ಕಾರುಗಳಿಗೆ ಉದಾರವಾಗಿದೆ. 2018ರ ಮೇ 20ರಿಂದ, ನಲವತ್ತು ವರ್ಷ ದಾಟಿದ ಮತ್ತು ಕಳೆದ ಮೂವತ್ತು ವರ್ಷಗಳಲ್ಲಿ ಗಣನೀಯವಾಗಿ ಮಾರ್ಪಡಿಸದ ಕಾರುಗಳಿಗೆ ವಾರ್ಷಿಕ ಎಂ.ಓ.ಟಿ. ಪರೀಕ್ಷೆಯಿಂದ ವಿನಾಯಿತಿ ಇದೆ. 2023ರ ಆಗಸ್ಟ್ 29ರಂದು ಯೂಲೆಜ್ ಶುಲ್ಕ ಲಂಡನ್ನಿನ ಎಲ್ಲ ಬರೋಗಳಿಗೂ ವಿಸ್ತರಿಸಿದಾಗಲೂ, ಐತಿಹಾಸಿಕ ವಾಹನಗಳ ತೆರಿಗೆ ವರ್ಗದಲ್ಲಿ ನೋಂದಾಯಿಸಿದ ಕಾರುಗಳು ಅದರಿಂದ ಹೊರಗುಳಿದವು.

ಈ ಔದಾರ್ಯಕ್ಕೆ ಇನ್ನೊಂದು ಮುಖವಿದೆ. ವರ್ಷಕ್ಕೊಮ್ಮೆಯಾದರೂ ಬೇರೊಬ್ಬರ ಕಣ್ಣು ಕಾರಿನ ಮೇಲೆ ಬೀಳುತ್ತಿದ್ದ ಏರ್ಪಾಡು ಈಗಿಲ್ಲ. ಎಂ.ಓ.ಟಿ.ಯಲ್ಲಿ ಸರಪಳಿಯನ್ನು ಬಿಚ್ಚಿ ನೋಡುತ್ತಿರಲಿಲ್ಲವಾದರೂ, ಅನುಭವಿಯ ಕಿವಿಗೆ ಆ ಗಲಗಲ ಸದ್ದು ಬೀಳುವ ಅವಕಾಶವಿತ್ತು. ಈಗ ನೋಡುವವರೂ ಕೇಳುವವರೂ ನಾವೇ. ಮಕ್ಕಳನ್ನು ಕೂರಿಸಿಕೊಂಡು ಮೋಟಾರ್‌ವೇಯ ವೇಗದ ಸಾಲಿನಲ್ಲಿ ಹೋಗುತ್ತಿರುವಾಗ ಇಂಜಿನ್ ಒಮ್ಮೆಲೇ ನಿಂತುಹೋಗುವುದೆಂದರೆ ಅದು ಕೇವಲ ದುರಸ್ತಿಯ ಖರ್ಚಿನ ಪ್ರಶ್ನೆಯಲ್ಲ.

ಈ ಕೆಲಸವನ್ನು ಎಲ್ಲರೂ ತಾವೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಜಾಗ, ಉಪಕರಣ, ವ್ಯವಧಾನ ಇಲ್ಲದವರು ಈ ಇಂಜಿನ್ನನ್ನು ಬಲ್ಲ ಕುಶಲಕರ್ಮಿಗಳಿಗೆ ಒಪ್ಪಿಸುವುದೇ ಮೇಲು. ಆದರೆ ಒಪ್ಪಿಸುವಾಗ ಮೂರು ಪ್ರಶ್ನೆಗಳನ್ನು ಕೇಳುವಷ್ಟು ತಿಳಿವಳಿಕೆ ನಮ್ಮಲ್ಲಿರಬೇಕು: ಸರಪಳಿಯೊಂದನ್ನೇ ಬದಲಿಸುತ್ತೀರೋ, ಸ್ಪ್ರಾಕೆಟ್ಟುಗಳನ್ನೂ ಬದಲಿಸುತ್ತೀರೋ? ವಾಟರ್ ಪಂಪಿನ ಗತಿಯೇನು? ಕ್ಯಾಮ್‌ಶಾಫ್ಟಿನ ಸ್ಥಾನವನ್ನು ಗುರುತು ನೋಡಿ ನಿರ್ಧರಿಸುತ್ತೀರೋ, ಅಳತೆ ಮಾಡಿಯೋ? ಉತ್ತರಗಳಿಂದಲೇ ಕೆಲಸಗಾರರ ಮಟ್ಟ ತಿಳಿಯುತ್ತದೆ. ಬಿಚ್ಚಿದ ಹಳೆಯ ಭಾಗಗಳನ್ನು ಮರಳಿ ಕೇಳಿ ಪಡೆಯಿರಿ. ಬಾಗಿದ ಆ ಹಲ್ಲುಗಳನ್ನು ಮಕ್ಕಳ ಕೈಗೆ ಕೊಟ್ಟು ತೋರಿಸಿ.

ಸದ್ದು ನಿಂತದ್ದನ್ನೇ ದುರಸ್ತಿಯೆಂದು ನಂಬದಿರುವುದು, ಸವೆತವನ್ನು ಬಿಗಿತದಿಂದ ಮುಚ್ಚಿಡದಿರುವುದು, ಊಹಿಸುವ ಬದಲು ಅಳೆದು ನೋಡುವುದು. ಈ ಮೂರನ್ನು ನೆನಪಿಟ್ಟರೆ ಟಾಟನ್‌ಹ್ಯಾಮ್‌ನ ಕೆಲಸಗಾರರು ಜೋಡಿಸಿಕೊಟ್ಟ ಆ ಪುಟ್ಟ ಇಂಜಿನ್ ಇನ್ನೊಂದು ತಲೆಮಾರಿಗೂ ತಾಳ ತಪ್ಪದೆ ಓಡಬಲ್ಲದು.